ಗಣಿ ಮುಚ್ಚಿದರೂ ಮುಚ್ಚದ ಕ್ಲಬ್ಬುಗಳು

"ಸರ್, ಒಂದು ಊರಿನ ಟೀಮು ಒಂದು ದೇಶದ ಟೀಮನ್ನು ಸೋಲಿಸೋದಕ್ಕೆ ಆಗುತ್ತಾ?"

ಕ್ರೀಡೆಯನ್ನು ಕುರಿತ ಮಾತುಕತೆಯ ರೆಕಾರ್ಡಿಂಗ್ ಮುಗಿದು ಸ್ಟುಡಿಯೋದ ದೀಪಗಳನ್ನು ಆರಿಸುತ್ತಿದ್ದಾಗ ಕಾಲೇಜು ಹುಡುಗನೊಬ್ಬ ಕೇಳಿದ ಪ್ರಶ್ನೆ ಇದು. ಆ ಹೊತ್ತಿನಲ್ಲಿ ಚುಟುಕಾಗಿ ಉತ್ತರಿಸಿದೆ. ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಆಗುತ್ತದೆ, ಆಗಿದೆ ಕೂಡ. 1972ರ ಅಕ್ಟೋಬರ್ 31ರಂದು ವೇಲ್ಸ್‌ನ ಲನೆಲ್ಲಿ ಪಟ್ಟಣದ ರಗ್ಬಿ ಕ್ಲಬ್, ಪ್ರವಾಸ ಬಂದಿದ್ದ ನ್ಯೂಜಿಲೆಂಡ್ ತಂಡವನ್ನು 9–3ರಿಂದ ಸೋಲಿಸಿತು. ಇದು ಹೇಗಾಯಿತು ಎಂದು ತಿಳಿಯಲು ಮೊದಲು ಆ ನಾಡನ್ನು ನೋಡಬೇಕು.

ಕಲ್ಲಿದ್ದಲು ಕಟ್ಟಿದ ಊರುಗಳು

ವೇಲ್ಸ್ ಬ್ರಿಟನ್ನಿನ ಪಶ್ಚಿಮ ಅಂಚಿನ ಗುಡ್ಡಗಾಡು ನಾಡು. ವಿಸ್ತೀರ್ಣ ಸುಮಾರು 20,800 ಚದರ ಕಿಲೋಮೀಟರ್, ಎಂದರೆ ಕರ್ನಾಟಕದ ಒಂಬತ್ತರಲ್ಲಿ ಒಂದು ಪಾಲು. 2021ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು 31 ಲಕ್ಷ.

ಈ ಪುಟ್ಟ ನಾಡಿನ ನೆಲದಡಿಯಲ್ಲಿ ಕಲ್ಲಿದ್ದಲೂ ಕಬ್ಬಿಣದ ಅದಿರೂ ಇದ್ದವು. ಹಳಿಯ ಮೇಲೆ ಸರಕು ಎಳೆದ ಮೊದಲ ಉಗಿಯಂತ್ರವನ್ನು ರಿಚರ್ಡ್ ಟ್ರೆವಿತಿಕ್ 1804ರಲ್ಲಿ ಓಡಿಸಿದ್ದು ಇಲ್ಲಿಯ ಮರ್ಥರ್ ಟಿಡ್ವಿಲ್ ಪಟ್ಟಣದ ಪೆನಿಡ್ಯಾರನ್ ಕಬ್ಬಿಣದ ಕಾರ್ಖಾನೆಯಿಂದ. 1913ರಲ್ಲಿ ದಕ್ಷಿಣ ವೇಲ್ಸ್‌ನ ಗಣಿಗಳು 5 ಕೋಟಿ ಟನ್ನಿಗೂ ಹೆಚ್ಚು ಕಲ್ಲಿದ್ದಲು ಕೊಟ್ಟವು. ಇಕ್ಕಟ್ಟಾದ ಕಣಿವೆಗಳಲ್ಲಿ ಸಾಲುಮನೆಗಳ ಊರುಗಳೆದ್ದವು. ವೇಲ್ಸ್‌ನ ಹಳ್ಳಿಗಳಿಂದ, ಇಂಗ್ಲೆಂಡಿನಿಂದ, ಐರ್ಲೆಂಡಿನಿಂದ ಜನ ಕೂಲಿಗೆ ಬಂದರು. ಒಬ್ಬರಿಗೊಬ್ಬರು ಅಪರಿಚಿತರಾದ ಇವರಿಗೆ "ಇದು ನಮ್ಮ ಊರು" ಎನ್ನಿಸಲು ಏನಾದರೊಂದು ಬೇಕಾಗಿತ್ತು. ಪ್ರಾರ್ಥನಾ ಮಂದಿರ ಒಂದಾಯಿತು. ಶನಿವಾರ ಮಧ್ಯಾಹ್ನದ ಆಟ ಇನ್ನೊಂದಾಯಿತು.

ಉತ್ತರದಲ್ಲಿ ಗುಂಡು ಚೆಂಡು, ದಕ್ಷಿಣದಲ್ಲಿ ಮೊಟ್ಟೆಯಾಕಾರದ ಚೆಂಡು

ಉತ್ತರ ವೇಲ್ಸ್‌ಗೆ ಲಿವರ್‌ಪೂಲ್, ಮ್ಯಾಂಚೆಸ್ಟರ್‌ಗಳು ಹತ್ತಿರ. ಅಲ್ಲಿ ಫುಟ್‌ಬಾಲ್ ಮೊದಲು ಬೇರೂರಿತು. ವೇಲ್ಸ್ ಫುಟ್‌ಬಾಲ್ ಸಂಸ್ಥೆ 1876ರಲ್ಲಿ ಉತ್ತರದ ರೆಕ್ಸಮ್ ಪಟ್ಟಣದಲ್ಲಿ ಹುಟ್ಟಿತು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಕೈಯಿಂದ ಹಿಂದಕ್ಕಷ್ಟೇ ಎಸೆಯಬಹುದಾದ ರಗ್ಬಿ ದಕ್ಷಿಣದಲ್ಲಿ ಬೆಳೆಯಿತು. ಅದರ ಸಂಸ್ಥೆ 1881ರಲ್ಲಿ ದಕ್ಷಿಣದ ನೀತ್ ಪಟ್ಟಣದಲ್ಲಿ ಆರಂಭವಾಯಿತು.

ಇಲ್ಲೊಂದು ಅಂಶವನ್ನು ಗಮನಿಸಿ. ಆಟಕ್ಕಾಗಿ ಕೆಲಸ ತಪ್ಪಿಸಿಕೊಂಡವರಿಗೆ ಆ ಕೂಲಿಯನ್ನು ತುಂಬಿಕೊಡಬೇಕೇ ಬೇಡವೇ ಎಂಬ ಜಗಳದಲ್ಲಿ ಇಂಗ್ಲೆಂಡಿನ ರಗ್ಬಿ 1895ರಲ್ಲಿ ಎರಡಾಗಿ ಒಡೆಯಿತು. ವೇಲ್ಸ್‌ನಲ್ಲಿ ಹಾಗೆ ಒಡೆಯಲಿಲ್ಲ. ವೈದ್ಯ, ಗುಮಾಸ್ತ, ಗಣಿ ಕೆಲಸಗಾರ ಒಂದೇ ತಂಡದಲ್ಲಿ ಹೆಗಲಿಗೆ ಹೆಗಲು ಕೊಟ್ಟು ಆಡಿದರು.

ಪಾತ್ರೆಯೇ ಲಾಂಛನ

ಲನೆಲ್ಲಿ ತಗಡಿನ ಊರು. ಉಕ್ಕಿನ ಹಾಳೆಗೆ ತವರ ಲೇಪಿಸಿದರೆ ತುಕ್ಕು ಹಿಡಿಯುವುದಿಲ್ಲ. ಆಹಾರದ ಡಬ್ಬಿಗಳಿಗೆ ಇದೇ ತಗಡು. ಈ ಕಸುಬಿನ ನೆನಪಿಗೆ ಸ್ಟ್ರೇಡಿ ಪಾರ್ಕ್ ಮೈದಾನದ ಗೋಲುಕಂಬಗಳ ತುದಿಗೆ ಹಿಡಿಯುಳ್ಳ ಅಡಿಗೆ ಪಾತ್ರೆಗಳನ್ನು ಸಿಕ್ಕಿಸುತ್ತಿದ್ದರು.

1972ರಲ್ಲಿ ಆಡಿದವರು ಯಾರು? ನಾಯಕ ಡೆಲ್ಮಿ ಥಾಮಸ್ ವಿದ್ಯುತ್ ಮಂಡಳಿಯ ಲೈನ್‌ಮನ್. ಟ್ರೈ ಗಳಿಸಿದ ರಾಯ್ ಬರ್ಜಿಯರ್ಸ್ ಶಾಲಾ ಮೇಷ್ಟ್ರು. ಆಟಕ್ಕೆ ಸಂಬಳವಿರಲಿಲ್ಲ. ತರಬೇತುದಾರ ಕಾರ್ವಿನ್ ಜೇಮ್ಸ್ ವೇಲ್ಸ್ ಭಾಷೆಯ ಅಧ್ಯಾಪಕ. ಹಿಂದಿನ ವರ್ಷವಷ್ಟೇ ಬ್ರಿಟಿಷ್ ದ್ವೀಪಗಳ ಸಂಯುಕ್ತ ತಂಡಕ್ಕೆ ತರಬೇತಿ ಕೊಟ್ಟು, ನ್ಯೂಜಿಲೆಂಡನ್ನು ಅದರ ನೆಲದಲ್ಲೇ ಸೋಲಿಸಿ ಬಂದವರು. ಎದುರಾಳಿಯ ಬಲವೂ ದೌರ್ಬಲ್ಯವೂ ಅವರಿಗೆ ಗೊತ್ತಿತ್ತು. ಅಂದಿನ ಲೆಕ್ಕ ಹೀಗೆ: ಟ್ರೈಗೆ 4, ಅದರ ನಂತರದ ಒದೆತಕ್ಕೆ 2, ಒಂದು ಪೆನಾಲ್ಟಿಗೆ 3, ಒಟ್ಟು 9.

ಅದೃಷ್ಟವೂ ಸೇರಿದ್ದೀತು. ಆದರೆ ತೀರ ಅದೃಷ್ಟವೇ ಅಲ್ಲ. ಊರಿನ ಶಾಲೆ, ಕಾರ್ಖಾನೆ, ಬೀದಿಗಳೆಲ್ಲ ಆ ಕ್ಲಬ್ಬಿಗೆ ಆಟಗಾರರನ್ನು ಕೊಡುತ್ತಲೇ ಇದ್ದವು.

ಮೂಲವನ್ನೇ ತೆಗೆದರೆ?

ವಿಜ್ಞಾನ ಓದಿದ ನನಗೆ ಇಲ್ಲೊಂದು ಪ್ರಯೋಗ ನಡೆದಂತೆ ಕಾಣುತ್ತದೆ. ಗಣಿ ಊರನ್ನು ಹುಟ್ಟಿಸಿತು, ಊರು ಕ್ಲಬ್ಬನ್ನು ಹುಟ್ಟಿಸಿತು. ಈಗ ಗಣಿಯನ್ನು ತೆಗೆದುಬಿಟ್ಟರೆ ಕ್ಲಬ್ಬು ಉಳಿಯುತ್ತದೆಯೇ? 1980ರ ದಶಕದಲ್ಲಿ ಗಣಿಗಳು ಒಂದರ ಹಿಂದೆ ಒಂದು ಮುಚ್ಚಿದವು. ದಕ್ಷಿಣದ ದೊಡ್ಡ ಆಳಗಣಿಗಳಲ್ಲಿ ಕೊನೆಯದಾದ ಟವರ್ ಗಣಿ ಮುಚ್ಚಿದ್ದು 2008ರಲ್ಲಿ.

ರೆಕ್ಸಮ್‌ನ ಉದಾಹರಣೆ ನೋಡೋಣ. ಅದರ ಫುಟ್‌ಬಾಲ್ ಕ್ಲಬ್ ಸ್ಥಾಪನೆಯಾದದ್ದು 1864ರಲ್ಲಿ. ಹತ್ತಿರದ ಗ್ರೆಸ್‌ಫರ್ಡ್ ಗಣಿಯಲ್ಲಿ 1934ರ ಸೆಪ್ಟೆಂಬರ್ 22ರ ಬೆಳಗಿನ ಜಾವ ಸ್ಫೋಟ ಸಂಭವಿಸಿ 266 ಮಂದಿ ಸತ್ತರು. ಅಂದು ಶನಿವಾರ. ಮಧ್ಯಾಹ್ನದ ಪಂದ್ಯ ನೋಡಲೆಂದು ಹಲವರು ಪಾಳಿ ಬದಲಿಸಿಕೊಂಡು ಶುಕ್ರವಾರ ರಾತ್ರಿಯೇ ಗಣಿಗೆ ಇಳಿದಿದ್ದರು. ಇಂಥ ನೆನಪುಳ್ಳ ಊರಿನಲ್ಲಿ ಕ್ಲಬ್ಬೆಂದರೆ ಬರೀ ಮನರಂಜನೆಯಲ್ಲ.

2011ರಲ್ಲಿ ಇದೇ ಕ್ಲಬ್ ಮುಚ್ಚುವ ಹಂತಕ್ಕೆ ಬಂತು. ಅಭಿಮಾನಿಗಳು ಒಂದೇ ದಿನದಲ್ಲಿ ಒಂದು ಲಕ್ಷ ಪೌಂಡಿಗೂ ಹೆಚ್ಚು ಹಣ ಕೂಡಿಸಿ, ತಮ್ಮದೇ ಟ್ರಸ್ಟಿನ ಮೂಲಕ ಕ್ಲಬ್ಬನ್ನು ವಹಿಸಿಕೊಂಡರು. 2020ರಲ್ಲಿ ರಯಾನ್ ರೆನಾಲ್ಡ್ಸ್, ರಾಬ್ ಮೆಕೆಲ್ಹೆನಿ ಎಂಬ ಇಬ್ಬರು ನಟರು ಅದನ್ನು ಕೊಳ್ಳಲು ಮುಂದಾದಾಗ ಒಪ್ಪಿಗೆ ಕೊಟ್ಟದ್ದೂ ಟ್ರಸ್ಟಿನ ಸದಸ್ಯರ ಮತದಾನವೇ. 2023, 2024, 2025, ಹೀಗೆ ಸತತ ಮೂರು ಬಾರಿ ತಂಡ ಮೇಲಿನ ದರ್ಜೆಗೇರಿತು. ಜಗತ್ತು ನಟರನ್ನು ನೋಡಿತು. ನಾವು ಅವರಿಗಿಂತ ಮುಂಚೆ ಚಂದಾ ಎತ್ತಿದವರನ್ನೂ ನೋಡಬೇಕು.

ಮರ್ಥರ್ ಟಿಡ್ವಿಲ್‌ಗೆ ನಟರು ಬರಲಿಲ್ಲ. 1987ರಲ್ಲಿ ಆ ಊರಿನ ಕ್ಲಬ್ ಪೆನಿಡ್ಯಾರನ್ ಪಾರ್ಕಿನಲ್ಲಿ ಇಟಲಿಯ ಅಟಲಾಂಟಾ ತಂಡವನ್ನು 2–1ರಿಂದ ಸೋಲಿಸಿತ್ತು. 2010ರಲ್ಲಿ ಸಾಲದಿಂದ ಆ ಕ್ಲಬ್ ಮುಳುಗಿತು. ಅಭಿಮಾನಿಗಳು ಹೊಸ ಹೆಸರಿನಲ್ಲಿ, ಕೆಳಗಿನ ಹಂತದ ಲೀಗಿನಿಂದ ಮತ್ತೆ ಆರಂಭಿಸಿದರು. ಈ ಬಾರಿ ಒಡೆಯರು ತಾವೇ.

ಹಣ ಮತ್ತು ಊರು

ರಗ್ಬಿಯ ಕಷ್ಟ ಬೇರೆ ಬಗೆಯದು. 1995ರಲ್ಲಿ ಆಟಗಾರರಿಗೆ ಸಂಬಳ ಕೊಡಲು ಅನುಮತಿ ದೊರೆಯಿತು. ಸಣ್ಣ ಪಟ್ಟಣಗಳಿಗೆ ಆ ಭಾರ ಹೊರಲಾಗಲಿಲ್ಲ. ಆದ್ದರಿಂದ 2003ರಲ್ಲಿ ಮೇಲಿನ ಹಂತದ ಆಟವನ್ನು ಐದು ಪ್ರಾದೇಶಿಕ ತಂಡಗಳಿಗೆ ಸೀಮಿತಗೊಳಿಸಿದರು. ಮರುವರ್ಷವೇ ಒಂದು ರದ್ದಾಗಿ ನಾಲ್ಕು ಉಳಿದವು. ಅವನ್ನೂ ಮೂರಕ್ಕೆ ಇಳಿಸುವ ಯೋಜನೆಯನ್ನು ರಗ್ಬಿ ಸಂಸ್ಥೆ 2025ರಲ್ಲಿ ಪ್ರಕಟಿಸಿತು. ಲೆಕ್ಕಪತ್ರದ ದೃಷ್ಟಿಯಿಂದ ಇದರಲ್ಲಿ ಅರ್ಥವಿದೆ. ಆದರೆ ತನ್ನ ಊರಿನ ಹೆಸರಿಲ್ಲದ ತಂಡಕ್ಕೆ ಜನ ಅದೇ ಪ್ರೀತಿಯಿಂದ ಟಿಕೇಟು ಕೊಳ್ಳುತ್ತಾರೆಯೇ? ಅಲ್ಲಿಯ ಜನ ಇಂದಿಗೂ ವಾದಿಸುತ್ತಿರುವುದು ಈ ಪ್ರಶ್ನೆಯನ್ನೇ.

ಕ್ಲಬ್ಬೆಂದರೆ ಮೈದಾನಕ್ಕಿಳಿಯುವ ಹನ್ನೊಂದೋ ಹದಿನೈದೋ ಮಂದಿಯಷ್ಟೇ ಅಲ್ಲ. ಸುಣ್ಣದ ಗೆರೆ ಎಳೆಯುವವರು, ಅಂಗಿ ಒಗೆಯುವವರು, ಚೀಟಿ ಹರಿಯುವವರು, ಮಕ್ಕಳಿಗೆ ಆಟ ಕಲಿಸುವವರು, ಇವರೆಲ್ಲ ಸೇರಿದರೆ ಕ್ಲಬ್ಬು. ಇವರಿರುವವರೆಗೆ ಕಲ್ಲಿದ್ದಲು ಮುಗಿದರೂ ಆಟ ಮುಗಿಯುವುದಿಲ್ಲ ಎಂಬುದು ವೇಲ್ಸ್ ಪಟ್ಟಣಗಳು ಕಲಿಸುವ ಪಾಠ. ಪ್ರಶ್ನೆ ಕೇಳಿದ ಆ ಹುಡುಗನಿಗೆ ನನ್ನ ಉತ್ತರವೂ ಇದೇ.

ಚರ್ಚೆಗೆ

1. ಒಂದು ಕ್ಲಬ್ಬಿನ ಒಡೆತನ ಅಭಿಮಾನಿಗಳ ಕೈಯಲ್ಲಿದ್ದರೆ ಲಾಭವೇನು, ತೊಂದರೆಯೇನು?
2. ಆಟಗಾರನಿಗೆ ಸಂಬಳ ಬಂದದ್ದು ನ್ಯಾಯವೇ? ಅದರಿಂದ ಸಣ್ಣ ಊರುಗಳಿಗೆ ಆದ ನಷ್ಟವನ್ನು ಹೇಗೆ ತುಂಬಬಹುದು?
3. ನಿಮ್ಮ ಊರಿನ ಕ್ರೀಡಾ ಸಂಘ ಯಾವಾಗ, ಯಾರಿಂದ ಆರಂಭವಾಯಿತು? ಹಿರಿಯರನ್ನು ಕೇಳಿ ಒಂದು ಪುಟ ಬರೆಯಿರಿ.