ಅನುಮಾನ ಗೆಳೆಯನ ಮೇಲೆ, ತಪ್ಪು ಪೈಪಿನಲ್ಲಿ!

ಅವತ್ತಿನ ಮೂರನೇ ಓಟ. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದ್ದೇ ತಡ, ಬೂಸ್ಟ್ ಮೀಟರಿನ ಮುಳ್ಳು 0.7 ಬಾರ್ ದಾಟಿ 1.1ಕ್ಕೆ ಹಾರಿತು. ಎಂಜಿನ್ನಿನಿಂದ ಕಟಕಟ ಸದ್ದು. ಎದೆ ಧಸಕ್ಕೆಂದು ಕಾಲು ತೆಗೆದೆ. ಇನ್ನೆರಡು ಸೆಕೆಂಡ್ ಒತ್ತಿದ್ದರೆ ಪಿಸ್ಟನ್ ಪುಡಿಯಾಗಬಹುದಿತ್ತು. ಜೊತೆಗೆ, ಲ್ಯಾಪ್‌ಟಾಪ್ ತಗೋ ಎಂದು ಅಪ್ಪ ಕೊಟ್ಟಿದ್ದ ದುಡ್ಡೂ!

ನಾನು ಮೈಸೂರಿನಲ್ಲಿ ಮೆಕ್ಯಾನಿಕಲ್ ಬಿಇ ಓದುತ್ತಿದ್ದೇನೆ. ಗೆಳೆಯರೆಲ್ಲ ಸೇರಿ ಹಳೆಯ ಮಾರುತಿ ಎಸ್ಟೀಮ್ ಕೊಂಡು, ಅದರ 1.3 ಲೀಟರ್ ಎಂಜಿನ್ನಿಗೆ ಗುಜರಿಯಲ್ಲಿ ಸಿಕ್ಕ ಟರ್ಬೊ ಕೂರಿಸಿದ್ದೆವು. 402 ಮೀಟರ್ ಡ್ರ್ಯಾಗ್ ರೇಸ್ ಓಡಿಸುವ ಹುಚ್ಚು. ಇಂಥ ಗಾಡಿಯನ್ನು ರಸ್ತೆಗಿಳಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಹಾಗಾಗಿ ಲಾರಿಯಲ್ಲಿ ಹಾಕಿಕೊಂಡು, ಪರಿಚಯದವರ ಖಾಲಿ ಲೇಔಟಿಗೆ ಒಯ್ದು ಓಡಿಸುತ್ತಿದ್ದೆವು.

ಟರ್ಬೊ ಎಂದರೆ ಎಂಜಿನ್ ಬಿಡುವ ಹೊಗೆಯ ರಭಸಕ್ಕೇ ತಿರುಗಿ, ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಯಂತ್ರ. ಗಾಳಿ ಹೆಚ್ಚಿದಂತೆ ಶಕ್ತಿ ಹೆಚ್ಚು. ಮಿತಿ ಮೀರಿದರೆ ಎಂಜಿನ್ನಿಗೇ ಕುತ್ತು. ಅದಕ್ಕೇ ವೇಸ್ಟ್‌ಗೇಟ್ ಎಂಬ ಬಾಗಿಲಿದೆ. ಒತ್ತಡ ಸಾಕೆನಿಸಿದಾಗ ಅದು ತೆರೆದು, ಹೊಗೆಯನ್ನು ಪಕ್ಕದಿಂದ ಹೊರಬಿಡುತ್ತದೆ. ನಮ್ಮದರ ಸ್ಪ್ರಿಂಗ್ 0.5 ಬಾರ್‌ನದು. ಒತ್ತಡದ ಸುದ್ದಿಯನ್ನು ಅದಕ್ಕೆ ಮುಟ್ಟಿಸುವುದು ಬೆರಳಿಗಿಂತ ತೆಳ್ಳಗಿನ ರಬ್ಬರ್ ಪೈಪು. ನಡುವಿನ ಸೊಲೆನಾಯ್ಡ್ ಆ ಸುದ್ದಿಯನ್ನು ಸ್ವಲ್ಪ ತಡೆದು ಬೂಸ್ಟನ್ನು 0.7ಕ್ಕೆ ಏರಿಸುತ್ತದೆ. ಎಷ್ಟು ತಡೆಯಬೇಕೆಂಬ ಲೆಕ್ಕವನ್ನು ಇಸಿಯುಗೆ ತುಂಬಿದವನು ನನ್ನ ರೂಮ್‌ಮೇಟ್.

ನನ್ನ ಅನುಮಾನ ಹೋಗಿದ್ದೂ ಅವನ ಮೇಲೆಯೇ. ‘ನಿನ್ನ ಟ್ಯೂನಿಂಗೇ ಸರಿಯಿಲ್ಲ ಕಣೋ’ ಎಂದುಬಿಟ್ಟೆ, ಎಲ್ಲರೆದುರು. ಅವನು ಸುಮ್ಮನೆ ಲ್ಯಾಪ್‌ಟಾಪ್ ಮುಚ್ಚಿಕೊಂಡು ಹೋದ. ನಾನು ಹೊಸ ಸೊಲೆನಾಯ್ಡ್ ತಂದೆ, ಸ್ಪ್ರಿಂಗ್ ಬದಲಿಸಿದೆ, ಅವನ ಲೆಕ್ಕ ಅಳಿಸಿ ನನ್ನದು ತುಂಬಿದೆ. ಮೊದಲೆರಡು ಓಟ ಸರಿಯಾಗಿತ್ತು. ಗೆದ್ದೆ ಎಂದುಕೊಂಡೆ. ಮೂರನೆಯದರಲ್ಲಿ ಮತ್ತೆ 1.1!

ಗ್ಯಾರೇಜಿನ ಭಾಯ್ ನಕ್ಕರು. ‘ಒಟ್ಟಿಗೆ ಮೂರು ಮಾತ್ರೆ ನುಂಗಿದ್ರೆ ಜ್ವರ ಯಾವುದರಿಂದ ಬಿಡ್ತು ಅಂತ ಹೆಂಗೆ ಗೊತ್ತಾಗುತ್ತೆ ಇಂಜಿನಿಯರ್ ಸಾಬ್? ಒಂದೊಂದೇ ನೋಡಿ.’

ಎಲ್ಲವನ್ನೂ ಮೊದಲಿದ್ದಂತೆಯೇ ಜೋಡಿಸಿ, ನೋಟ್‌ಬುಕ್ ಹಿಡಿದೆ. ಮೊದಲು ಪೈಪುಗಳಿಗೆ ಗಾಳಿ ತುಂಬಿ ಸೋಪಿನ ನೀರು ಹಚ್ಚಿದೆವು. ಒಂದು ಗುಳ್ಳೆಯೂ ಏಳಲಿಲ್ಲ, ಸೋರಿಕೆ ಇಲ್ಲ. ಆಮೇಲೆ ಸೊಲೆನಾಯ್ಡನ್ನೂ ಹಳೆಯ ಪೈಪನ್ನೂ ಬಿಟ್ಟು, ಟರ್ಬೊದಿಂದ ವೇಸ್ಟ್‌ಗೇಟಿಗೆ ನೇರ ಹೊಸ ಪೈಪು ಕೊಟ್ಟೆವು. ಐದು ಓಟದಲ್ಲೂ ಮುಳ್ಳು 0.5 ದಾಟಲಿಲ್ಲ, ವೇಸ್ಟ್‌ಗೇಟ್ ಸರಿಯಿದೆ. ಮೂರನೆಯದಾಗಿ ಹಳೆಯ ಪೈಪು, ಸೊಲೆನಾಯ್ಡ್ ಮರಳಿ ಹಾಕಿ, ಸೊಲೆನಾಯ್ಡಿನ ವೈರ್ ಮಾತ್ರ ಕಿತ್ತಿಟ್ಟೆವು. ಈಗ ಇಸಿಯು ಮಾತು ನಡೆಯುವುದಿಲ್ಲ, ಬೂಸ್ಟ್ 0.5ರಲ್ಲೇ ನಿಲ್ಲಬೇಕು. ಎರಡು ಓಟ ನಿಂತಿತು. ಮೂರನೆಯದರಲ್ಲಿ ಹಾರಿತು!

ಅಂದರೆ ರೂಮ್‌ಮೇಟ್‌ನ ಲೆಕ್ಕ ತಪ್ಪಿರಲೇ ಇಲ್ಲ.

ಎಂಜಿನ್ ಬಿಸಿ ಇರುವಾಗಲೇ ಬಾನೆಟ್ ಎತ್ತಿದೆವು. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪಕ್ಕದ ತಿರುವಿನಲ್ಲಿ ರಬ್ಬರ್ ಪೈಪು ಕಾವಿಗೆ ಮೆತ್ತಗಾಗಿ, ಮಡಚಿ ಮುಚ್ಚಿಕೊಂಡಿತ್ತು. ಸುದ್ದಿಯೇ ಮುಟ್ಟದ ಮೇಲೆ ವೇಸ್ಟ್‌ಗೇಟ್ ತೆರೆಯುವುದು ಹೇಗೆ? ತಣ್ಣಗಾದರೆ ಪೈಪು ಮತ್ತೆ ನೆಟ್ಟಗೆ. ಸೋಪಿನ ನೀರು ತೂತನ್ನು ತೋರಿಸೀತು, ಮಡಿಕೆಯನ್ನಲ್ಲ. ಪೈಪನ್ನು ಆ ಜಾಗದಲ್ಲಿ ಎಳೆದು ಕಟ್ಟಿದ್ದು ಯಾರು? ನಾನೇ.

ಸಿಲಿಕೋನ್ ಪೈಪು ತಂದು ಬಿಸಿಯಿಂದ ದೂರ ಹಾಯಿಸಿದೆವು. ಆ ರಾತ್ರಿ ರೂಮ್‌ಮೇಟ್‌ಗೆ ನೋಟ್‌ಬುಕ್ ಕೊಟ್ಟು ‘ಸಾರಿ ಕಣೋ’ ಎಂದೆ. ಮಾತಾಡಲಿಲ್ಲ. ಬೆಳಿಗ್ಗೆ ನೋಡಿದರೆ ಪುಟದ ಕೊನೆಯಲ್ಲಿ ಅವನ ಅಕ್ಷರ: ‘ವೈರ್ ವಾಪಸ್ ಹಾಕೋದು ಮರೀಬೇಡ.’ ಭಾನುವಾರ ಪಕ್ಕದ ಸೀಟಿನಲ್ಲಿ ಅವನೇ ಕೂತಿದ್ದ. ಆರು ಓಟಕ್ಕೂ ಮುಳ್ಳು 0.7ರಲ್ಲೇ.

ನಿಮ್ಮ ಪ್ರಾಜೆಕ್ಟ್ ಕೈಕೊಟ್ಟರೆ, ಗೆಳೆಯನನ್ನು ಬೈಯುವ ಮೊದಲು ಒಂದು ವೈರ್ ಕಿತ್ತು ನೋಡಿ.

ಅಂದಹಾಗೆ, ಅಪ್ಪ ಈ ಪುಟವನ್ನು ತಪ್ಪದೆ ಓದುತ್ತಾರೆ. ಲ್ಯಾಪ್‌ಟಾಪ್ ದುಡ್ಡಿನ ತಪ್ಪೊಪ್ಪಿಗೆಯೂ ಇಲ್ಲಿಗೆ ಮುಗಿಯಿತು!