ಮೇಷ್ಟ್ರು ತಿದ್ದಿದ ಪಾಠ

ಕಂಪ್ಯೂಟರಿನ ಪರದೆಯ ಮೇಲೆ ಒಂದು ತ್ರಿಭುಜ. ಅದರ ಮೇಲಿನ ಶೃಂಗವನ್ನು ಮೌಸಿನಿಂದ ಹಿಡಿದು ಕೆಳಕ್ಕೆಳೆದರೆ ಚೂಪಾಗಿದ್ದ ಕೋನ ಅಗಲವಾಗುತ್ತದೆ, ಉಳಿದೆರಡು ಸಣ್ಣಗಾಗುತ್ತವೆ. ಮೊತ್ತ ಮಾತ್ರ 180 ಬಿಟ್ಟು ಕದಲುವುದಿಲ್ಲ. ಕಪ್ಪುಹಲಗೆಯ ಮೇಲಾದರೆ ಇದಕ್ಕಾಗಿ ಎಷ್ಟು ಚಿತ್ರ ಬರೆದು ಅಳಿಸಬೇಕೋ! ಈ ಜಿಯೋಜೀಬ್ರಾ ತಂತ್ರಾಂಶ ಶುರುವಾದದ್ದು 2001ರಲ್ಲಿ, ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ, ಮಾರ್ಕುಸ್ ಹೋಹೆನ್ವಾರ್ಟರ್ ಅವರ ಸ್ನಾತಕೋತ್ತರ ಪ್ರಬಂಧವಾಗಿ. ಅದು ನಮ್ಮ ಪ್ರೌಢಶಾಲೆಗಳ ಗಣಿತ ಮೇಷ್ಟ್ರ ಕೈಸೇರಿದ್ದು ಹೇಗೆ?

ಅದೇ 2001ರ ಏಪ್ರಿಲ್‌ನಲ್ಲಿ ಅಮೆರಿಕದ ಎಂಐಟಿ ತನ್ನ ಪಾಠಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಡುವುದಾಗಿ ಸಾರಿತು. ಮರುವರ್ಷ ಪ್ಯಾರಿಸ್‌ನಲ್ಲಿ ಯುನೆಸ್ಕೊ ಕರೆದ ಸಭೆ ಇಂಥವಕ್ಕೆ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಹೆಸರು ಕೊಟ್ಟಿತು. 2002ರ ಡಿಸೆಂಬರ್‌ನಲ್ಲಿ ಬಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳನ್ನು ನಾನು ಎಲ್ಲಕ್ಕಿಂತ ದೊಡ್ಡವೆನ್ನುತ್ತೇನೆ. ಬಿಟ್ಟಿಯಾಗಿ ಓದಲು ಸಿಗುವುದು ಬೇರೆ, ತಿದ್ದಿ ಹಂಚುವ ಹಕ್ಕು ಸಿಗುವುದು ಬೇರೆ. ಮೊದಲನೆಯದರಲ್ಲಿ ಮೇಷ್ಟ್ರು ಬರೀ ಓದುಗ, ಎರಡನೆಯದರಲ್ಲಿ ಲೇಖಕ.

ಕರ್ನಾಟಕದಲ್ಲಿ ಈ ಹಕ್ಕಿಗೆ ಕೈಕಾಲು ಬಂದದ್ದು ವಿಷಯ ಶಿಕ್ಷಕರ ವೇದಿಕೆಯಿಂದ. ಈ ವೇದಿಕೆಯಡಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ), ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಜೊತೆಗೂಡಿ ಪ್ರೌಢಶಾಲಾ ಶಿಕ್ಷಕರನ್ನು ಉಬುಂಟು ಎಂಬ ಮುಕ್ತ ತಂತ್ರಾಂಶ ಮತ್ತು ಜಿಯೋಜೀಬ್ರಾ ಇದ್ದ ಕಂಪ್ಯೂಟರುಗಳ ಮುಂದೆ ಕೂರಿಸಿತು. ಮೊದಲ ತೊಡಕು ಪಾಠದ್ದಲ್ಲ, ಅಕ್ಷರದ್ದು. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಹಂಚಿಕೊಳ್ಳಬೇಕೆಂದರೆ ಯಾವ ಕಂಪ್ಯೂಟರಿನಲ್ಲೂ ಒಂದೇ ಥರ ಓದಿಸಿಕೊಳ್ಳುವ ಯೂನಿಕೋಡ್ ಬೇಕು. ವರ್ಷಗಟ್ಟಲೆ ಬೋರ್ಡಿನ ಮೇಲೆ ಮುದ್ದಾಗಿ ಬರೆದ ಕೈ ಕೀಲಿಮಣೆಯ ಮೇಲೆ ಒತ್ತಕ್ಷರ ಹುಡುಕುವ ಕಷ್ಟ, ಆ ಕೆಲಸ ಮಾಡಿದವರಿಗೇ ಗೊತ್ತು.

2013ರಲ್ಲಿ, ಶಿಕ್ಷಕರೇ ಪಾಠ ಬರೆದು ತಿದ್ದುವ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು ಎಂಬ ಯೋಜನೆ ರೂಪುಗೊಂಡಿತು. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶದಲ್ಲೇ ಇದೂ ನಡೆಯುತ್ತದೆ. ಒಂದು ಪಾಠ ತೆರೆದರೆ ಮೊದಲಿಗೆ ಪರಿಕಲ್ಪನಾ ನಕ್ಷೆ, ಆಮೇಲೆ ಶಿಕ್ಷಕರಿಗೆ ಟಿಪ್ಪಣಿ, ಚಟುವಟಿಕೆ, ಯೋಜನೆ. ನನಗೆ ಬಹಳ ಹಿಡಿಸಿದ್ದು 'ಸಮುದಾಯ ಆಧಾರಿತ ಯೋಜನೆಗಳು' ಎಂಬ ಭಾಗ. ಊರ ಕೆರೆ, ಸಂತೆ, ಹೊಲ ಪಾಠದೊಳಗೆ ಬರಲು ಅದೊಂದು ಬಾಗಿಲು. ಎಲ್ಲ ಪುಟವೂ ತುಂಬಿಲ್ಲ. ಕೆಲವೆಡೆ ಶೀರ್ಷಿಕೆಯಷ್ಟೇ ಇದೆ, ಕೆಳಗಿನ ಜಾಗ ಯಾರಾದರೂ ಬರೆಯಲೆಂದು ಕಾದಿದೆ.

ಮಣ್ಣಿನ ಪಾಠವನ್ನೇ ನೋಡಿ. ರಾಯಚೂರಿನ ಮಕ್ಕಳ ಕಾಲಡಿ ಎರೆ, ಕೋಲಾರದವರ ಕಾಲಡಿ ಕೆಮ್ಮಣ್ಣು, ಕರಾವಳಿಯವರಿಗೆ ಮುರಕಲ್ಲು. ಎರೆ ಬಿರುಕುಬಿಡುವುದರ ಮೇಲೆ ಒಬ್ಬರು ಚಟುವಟಿಕೆ ಬರೆದರೆ, ಕೋಲಾರದ ಟೀಚರ್ ಅದನ್ನು ತೆಗೆದುಕೊಂಡು ಕೆಮ್ಮಣ್ಣಿಗೆ ಒಗ್ಗಿಸಬಹುದು. ಯಾರ ಅಪ್ಪಣೆಯೂ ಬೇಡ, ಮೂಲದವರ ಹೆಸರು ಮಾತ್ರ ಹೇಳಲೇಬೇಕು. ತಿದ್ದುವಾಗ ಕೆಟ್ಟೀತೆಂಬ ಅಂಜಿಕೆಯೂ ಬೇಡ. ಪುಟದ ಮೇಲ್ತುದಿಯ 'ಇತಿಹಾಸ' ಒತ್ತಿದರೆ ಹಳೆಯ ಪ್ರತಿಗಳೆಲ್ಲ ತಾರೀಖಿನೊಂದಿಗೆ ಸಾಲಾಗಿ ಕಾಣುತ್ತವೆ.