ಟಿ-ಮೌಲ್ಯದಿಂದ ಪರಿಣಾಮದ ಗಾತ್ರಕ್ಕೆ: ಕಾಫಿ ತೋಟದ ಒಂದು ನಿದರ್ಶನ

ಹೊರನಾಡು, ಕಳಸ, ಮೂಡಿಗೆರೆಗಳ ಬೆಟ್ಟಸಾಲುಗಳಲ್ಲಿ ಕಾಫಿಯ ಬೇಸಾಯ ನಡೆಯುವುದು ಮರಗಳ ನೆರಳಿನಲ್ಲಿ. ಒಂದೇ ಇಳಿಜಾರಿನಲ್ಲಿಯೂ ನೆರಳು, ಮಣ್ಣು, ತೇವಗಳು ಸಮನಾಗಿರುವುದಿಲ್ಲ. ಆದುದರಿಂದ ಹೊಸ ಗೊಬ್ಬರವೊಂದರಿಂದ ಫಸಲು ಹೆಚ್ಚಿತೆಂದು ಹೇಳಬೇಕಾದರೆ ಸಂಖ್ಯಾಶಾಸ್ತ್ರದ ನೆರವು ಅವಶ್ಯಕ. ೧೯೨೫ರಲ್ಲಿ ಇದೇ ಜಿಲ್ಲೆಯ ಬಾಳೆಹೊನ್ನೂರಿನ ಬಳಿ ಸ್ಥಾಪಿತವಾದ ಕಾಫಿ ಪ್ರಯೋಗ ಕೇಂದ್ರವು, ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯು, ಇಂತಹ ಪ್ರಶ್ನೆಗಳಿಗೆಂದೇ ಹುಟ್ಟಿದುದು.

ಪ್ರಯೋಗದ ವರದಿಗಳು ಅನೇಕ ವೇಳೆ ಟಿ-ಮೌಲ್ಯವನ್ನು ಕೊಟ್ಟು, 'ವ್ಯತ್ಯಾಸವು ಗಣನೀಯ' ಎಂದು ಹೇಳಿ ಮುಗಿಸುತ್ತವೆ. ಆದರೆ ಬೆಳೆಗಾರನು ಕೇಳುವುದು 'ವ್ಯತ್ಯಾಸ ಉಂಟೆ?' ಎಂದಷ್ಟೇ ಅಲ್ಲ, 'ಎಷ್ಟು?' ಎಂದು. ಗೊಬ್ಬರಕ್ಕೆ ಹಣ ತೆರಬೇಕಾದವನು ಅವನು.

ಒಂದು ಕಲ್ಪಿತ ನಿದರ್ಶನವನ್ನು ಪರಿಶೀಲಿಸೋಣ. ಗೊಬ್ಬರ ಹಾಕಿದ ೨೦ ತಾಕುಗಳನ್ನೂ ಹಾಕದ ೨೦ ತಾಕುಗಳನ್ನೂ ಹೋಲಿಸಲಾಗಿ ಟಿ-ಮೌಲ್ಯ ೨.೫ ಬಂದಿತೆನ್ನೋಣ. ಇನ್ನೊಂದು ಪ್ರಯೋಗದಲ್ಲಿ ಎರಡು ಕಡೆಯೂ ೫೦೦ ತಾಕುಗಳಿದ್ದು, ಅದೇ ೨.೫ ಬಂದಿತೆನ್ನೋಣ. ಎರಡರಲ್ಲಿಯೂ ಪಿ-ಮೌಲ್ಯವು ೦.೦೫ಕ್ಕಿಂತ ಕಡಿಮೆ, ಎರಡೂ 'ಗಣನೀಯ'ವೇ. ಸರಾಸರಿಗಳ ಅಂತರವನ್ನು ಮಾನಕ ವಿಚಲನೆಯಿಂದ ಭಾಗಿಸಿದಾಗ ಬರುವ ಪರಿಣಾಮದ ಗಾತ್ರಕ್ಕೆ 'ಡಿ' ಎಂದು ಹೆಸರು. ಎರಡು ಗುಂಪುಗಳ ಸಂಖ್ಯೆಗಳ ವಿಲೋಮಗಳನ್ನು ಕೂಡಿ, ಅದರ ವರ್ಗಮೂಲದಿಂದ ಟಿ-ಯನ್ನು ಗುಣಿಸಿದರೆ ಇದು ದೊರೆಯುತ್ತದೆ. ಮೊದಲನೆಯದರಲ್ಲಿ ಡಿ ೦.೭೯, ಎರಡನೆಯದರಲ್ಲಿ ಕೇವಲ ೦.೧೬. ಒಂದೇ ಟಿ, ಆದರೆ ಫಲದಲ್ಲಿ ಐದು ಪಟ್ಟು ಭೇದ!

ಈ ಪರಿವರ್ತನೆಯನ್ನು ಇಂದು ಗಣಕ ತಂತ್ರಾಂಶಗಳು ಕ್ಷಣಮಾತ್ರದಲ್ಲಿ ಮಾಡಿಕೊಡುತ್ತವೆ. 'ಆರ್' ಗಣಕ ಭಾಷೆಯ 'ಎಫೆಕ್ಟ್‌ಸೈಜ್' ಎಂಬ ಸಂಪುಟದಲ್ಲಿ ಟಿ-ಯನ್ನೂ ಸ್ವಾತಂತ್ರ್ಯಾಂಕವನ್ನೂ ಕೊಟ್ಟರೆ ಡಿ ಬರುತ್ತದೆ. ಆದರೆ ಇಲ್ಲಿ ಎಚ್ಚರಿಕೆ ಅಗತ್ಯ. ಗುಂಪುಗಳ ಸಂಖ್ಯೆಯನ್ನು ಕೇಳದ ಈ ಸೂತ್ರವು ಎರಡೂ ಸಮನಾಗಿವೆಯೆಂದೇ ಭಾವಿಸಿ, ಟಿ-ಯ ಇಮ್ಮಡಿಯನ್ನು ಸ್ವಾತಂತ್ರ್ಯಾಂಕದ ವರ್ಗಮೂಲದಿಂದ ಭಾಗಿಸುತ್ತದೆ. ಒಂದು ಕಡೆ ೧೦, ಇನ್ನೊಂದು ಕಡೆ ೯೦ ತಾಕುಗಳಿದ್ದು ಟಿ ೨.೫ ಆದರೆ, ನಿಜವಾದ ಡಿ ೦.೮೩, ಯಂತ್ರವು ಹೇಳುವುದು ೦.೫೧. ಯಂತ್ರದ ಗಣಿತ ತಪ್ಪಲ್ಲ. ಅದರ ಭಾವನೆಗೂ ನಮ್ಮ ಪ್ರಯೋಗಕ್ಕೂ ಹೊಂದಿಕೆಯಿಲ್ಲ. ಒಂದೇ ತಾಕನ್ನು ಗೊಬ್ಬರದ ಮುಂಚೆ ಮತ್ತು ಅನಂತರ ಅಳೆದ ಜೋಡಿ ಪರೀಕ್ಷೆಗೆ ಸೂತ್ರವೇ ಬೇರೆ.

ಮತ್ತೊಂದು ಮಾತು. ಒಂದೇ ತಾಕಿನ ನೂರು ಗಿಡಗಳು ಒಂದೇ ನೆರಳನ್ನೂ ಮಳೆಯನ್ನೂ ಹಂಚಿಕೊಂಡವು. ಗೊಬ್ಬರವನ್ನು ಇಡೀ ತಾಕಿಗೆ ಹಾಕಿದಾಗ ಎಣಿಸಬೇಕಾದುದು ತಾಕುಗಳನ್ನು, ಗಿಡಗಳನ್ನಲ್ಲ. ಈ ಎಣಿಕೆ ತಪ್ಪಿದರೆ ಯಾವ ತಂತ್ರಾಂಶವೂ ಅದನ್ನು ತಿದ್ದಲಾರದು. ೦.೨ ಅಲ್ಪ, ೦.೫ ಮಧ್ಯಮ, ೦.೮ ಅಧಿಕ ಎಂಬ ಜೇಕಬ್ ಕೊಹೆನರ ಮಾನದಂಡವೂ ವರ್ತನಾ ವಿಜ್ಞಾನಗಳಿಗಾಗಿ ಸೂಚಿತವಾದುದು. ಕಾಫಿಯ ಫಸಲಿಗೆ ಅದನ್ನು ಹಾಗೆಯೇ ಅನ್ವಯಿಸುವುದು ಉಚಿತವಲ್ಲ.

ಡಿ-ಯನ್ನು ಮಾನಕ ವಿಚಲನೆಯಿಂದ ಗುಣಿಸಿದರೆ ಉತ್ತರವು ಮರಳಿ ಕಿಲೋಗ್ರಾಮಿನಲ್ಲಿ ದೊರೆಯುತ್ತದೆ. ಬೆಳೆಗಾರನು ಲಾಭನಷ್ಟಗಳನ್ನು ತೂಗಿ ನೋಡುವುದು ಅದರಿಂದಲೇ. ವರದಿಯಲ್ಲಿ ಮಾನಕ ವಿಚಲನೆಯೇ ಇಲ್ಲದಿದ್ದರೆ ಈ ಕೊನೆಯ ಹೆಜ್ಜೆಯನ್ನು ಇಡುವಂತಿಲ್ಲ. ಆದುದರಿಂದ ನಮ್ಮ ವಿದ್ಯಾರ್ಥಿಗಳು ತಮ್ಮ ಪ್ರಬಂಧಗಳಲ್ಲಿ ಟಿ-ಮೌಲ್ಯದೊಡನೆ ಸರಾಸರಿ, ಮಾನಕ ವಿಚಲನೆ, ಪ್ರತಿ ಗುಂಪಿನ ಸಂಖ್ಯೆ ಈ ಮೂರನ್ನೂ ತಪ್ಪದೆ ನಮೂದಿಸಬೇಕು.